ಹಾರ್ನ್‌ನವನಿಗೆ ಸಾ ಎಲ್ಲಿದೆ ಎಂದು ಹೇಳಿ

ಹಾರ್ನ್ ನುಡಿಸುವವನ ಪಾರ್ಟ್‌ಗೆ ಕೀ ಸಿಗ್ನೇಚರ್ ಹಾಕಬಾರದಂತೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಬ್ಯಾಂಡಿಗೆ ನೊಟೇಶನ್ ಬರೆದುಕೊಡುವವರ ಬಾಯಲ್ಲಿ ಈ ಮಾತನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ. ಟ್ರಂಪೆಟ್ಟಿಗೆ ಹಾಕಿ, ಕ್ಲಾರಿನೆಟ್ಟಿಗೆ ಹಾಕಿ, ಸ್ಯಾಕ್ಸೊಫೋನಿಗೆ ಹಾಕಿ. ಹಾರ್ನ್‌ಗೆ ಮಾತ್ರ ಸಾಲಿನ ತಲೆ ಬರಿದಾಗಿರಲಿ, ಬೇಕಾದ ಶಾರ್ಪು ಫ್ಲ್ಯಾಟುಗಳನ್ನೆಲ್ಲ ಒಂದೊಂದು ಸ್ವರದ ಮುಂದೆಯೇ ಬರೆಯಿರಿ ಎನ್ನುತ್ತಾರೆ. ಯಾಕೆಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಪುಸ್ತಕದಲ್ಲಿ ಹಾಗೇ ಇದೆ ಎಂಬುದು ಒಂದು. ಹಾರ್ನ್‌ನ ಪರಂಪರೆಯೇ ಹಾಗೆ ಎಂಬುದು ಇನ್ನೊಂದು. ಮೊದಲನೆಯದು ಆರ್ಕೆಸ್ಟ್ರಾದ ಪುಸ್ತಕಗಳ ಮಟ್ಟಿಗೆ ನಿಜ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಆ ಪರಂಪರೆ ಏನು ಮಾಡುತ್ತಿತ್ತು ಎಂದು ತಿಳಿದವರು ಅದರ ಹೆಸರಿನಲ್ಲಿ ಈ ನಿಯಮವನ್ನು ಹೇರಲಾರರು.

ಆ ಪರಂಪರೆಗೆ ಹೋಗುವ ಮೊದಲು ನಮ್ಮ ಕಡೆಯ ರೂಢಿ ನೋಡೋಣ. ನಮ್ಮ ಸೀಮೆಯ ನೂಲದಂಥ ಊರಿನಲ್ಲಿ ಎಷ್ಟೋ ಮಕ್ಕಳಿಗೆ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ, ಹಾಡಿನ ಮಾತು ಸರಗಮ್. ಹಾರ್ಮೋನಿಯಂ ಪೇಟಿಯ ಮುಂದೆ ಕೂತವನಿಗೆ ಯಾರೂ 'ಎ ಫ್ಲ್ಯಾಟ್‌ನಲ್ಲಿ ನುಡಿಸು' ಎನ್ನುವುದಿಲ್ಲ. 'ಕಾಳಿ ನಾಲ್ಕು' (ನಾಲ್ಕನೆಯ ಕರಿ ಮನೆ) ಎಂದರೆ ಸಾಕು, ಅವನ ಬೆರಳು ಅಲ್ಲಿಗೆ ಹೋಗಿ ಸಾ ಹಿಡಿಯುತ್ತದೆ. ಗಂಡಸು ಹಾಡಲು ಕೂತರೆ ಪಾಂಢರಿ (ಬಿಳಿ ಮನೆ) ಒಂದೋ ಕಾಳಿ ಒಂದೋ, ಹೆಂಗಸು ಕೂತರೆ ಕಾಳಿ ನಾಲ್ಕೋ ಐದೋ. ಸಾ ಬದಲಾಗುತ್ತದೆ, ರೆ ಗ ಮ ಪ ಅದರ ಹಿಂದೆ ಬರುತ್ತವೆ. ಸ್ಕೇಲ್ ಚೇಂಜರ್ ಪೇಟಿ ಇದ್ದವನಿಗೆ ಬೆರಳನ್ನೂ ಸರಿಸಬೇಕಾಗಿಲ್ಲ. ಮನೆಗಳ ಹಲಗೆಯನ್ನೇ ಎತ್ತಿ ಪಕ್ಕಕ್ಕೆ ಕೂರಿಸಿದರೆ ಅದೇ ಬೆರಳಿಗೆ ಬೇರೆ ಸಾ ನುಡಿಯುತ್ತದೆ. ಟ್ರಾನ್ಸ್‌ಪೋಸ್ ಆಗುವ ವಾದ್ಯ ಎಂದು ಪಾಶ್ಚಾತ್ಯರು ಕರೆಯುವುದು ಈ ಪೇಟಿಯ ಅಣ್ಣತಮ್ಮಂದಿರನ್ನೇ. ಕಾಗದದಲ್ಲಿ ಸಿ ಎಂದು ಬರೆದದ್ದನ್ನು ಬಿ ಫ್ಲ್ಯಾಟ್ ಟ್ರಂಪೆಟ್ ಊದಿದರೆ ಬಿ ಫ್ಲ್ಯಾಟ್ ಕೇಳುತ್ತದೆ, ಇ ಫ್ಲ್ಯಾಟ್ ಹಾರ್ನ್ ಊದಿದರೆ ಇ ಫ್ಲ್ಯಾಟ್, ಎಫ್ ಹಾರ್ನ್ ಊದಿದರೆ ಬರೆದುದಕ್ಕಿಂತ ಐದು ಸ್ವರ ಕೆಳಗಿನ ಎಫ್.

ಈಗ ಹಾರ್ನ್‌ನ ಹಳೆಯ ಕಥೆಗೆ ಬರೋಣ. ವಾಲ್ವ್ ಇಲ್ಲದ ಕಾಲದ ಹಾರ್ನ್ ನಮ್ಮ ತುತಾರಿಯ ಜಾತಿಯದು. ಉದ್ದದ ನಳಿಗೆ, ತುಟಿಯ ಬಿಗಿತವೊಂದೇ ಸಾಧನ. ಸಾ, ಪ, ಮೇಲಿನ ಸಾ, ಗ, ಪ ಹೀಗೆ ನಳಿಗೆಯ ಸಹಜ ಸ್ವರಗಳಷ್ಟೇ ಸಲೀಸಾಗಿ ಬರುತ್ತವೆ. ಮೇಲೆ ಹೋದಂತೆ ಒತ್ತಾಗುತ್ತವೆ. 18ನೆಯ ಶತಮಾನದ ನಡುವಿನಲ್ಲಿ ಡ್ರೆಸ್ಡೆನ್ನಿನ ಆಂಟನ್ ಹಾಂಪೆಲ್ ಹಾರ್ನ್‌ನ ಅಗಲ ಬಾಯಿಯೊಳಗೆ ಕೈಯಿಟ್ಟು ನಡುವಿನ ಸ್ವರಗಳನ್ನು ತೆಗೆಯುವ ವಿದ್ಯೆಯನ್ನು ಬೆಳೆಸಿದ. ಆದರೂ ಸಾ ಬದಲಿಸಬೇಕೆಂದರೆ ನಳಿಗೆಯ ಉದ್ದವೇ ಬದಲಾಗಬೇಕು. ಅದಕ್ಕೆ ಕ್ರೂಕ್ ಎಂಬ ಸುರುಳಿ ನಳಿಗೆಗಳಿದ್ದವು. ಡಿ ಕೃತಿಗೆ ಡಿ ಸುರುಳಿ, ಇ ಫ್ಲ್ಯಾಟ್ ಕೃತಿಗೆ ಇ ಫ್ಲ್ಯಾಟ್ ಸುರುಳಿ ಸಿಕ್ಕಿಸಿಕೊಂಡು ವಾದಕ ಕೂರುತ್ತಿದ್ದ. ಕಾಗದದಲ್ಲಿ ಮಾತ್ರ ಅವನಿಗೆ ಎಂದೂ ಸಿ ಎಂಬುದೇ ಸಾ. 1804ರ ಹೊತ್ತಿಗೆ ಬೆಥೋವನ್ ಮುಗಿಸಿದ ಎರೋಯಿಕಾ ಸಿಂಫನಿಯ ಮೂರು ಹಾರ್ನ್‌ಗಳನ್ನು ನೋಡಿ. ಕೃತಿ ಇ ಫ್ಲ್ಯಾಟ್‌ನಲ್ಲಿದೆ, ಅಂದರೆ ನಮ್ಮ ಕಾಳಿ ಎರಡು. ಪಿಟೀಲಿನವರ ಸಾಲಿನ ತಲೆಯಲ್ಲಿ ಮೂರು ಫ್ಲ್ಯಾಟು. ಹಾರ್ನ್‌ನವರ ಸಾಲು ಬರಿದು, ಮೇಲೆ 'ಇ ಫ್ಲ್ಯಾಟ್‌ನಲ್ಲಿ ಹಾರ್ನ್' ಎಂಬ ಒಂದು ಸೂಚನೆ. ಆ ಸೂಚನೆ ಅವನಿಗೆ ಹೇಳಿದ್ದು ಇಷ್ಟು: ನಿನ್ನ ಸಾ ಕಾಳಿ ಎರಡರಲ್ಲಿದೆ, ಸುರುಳಿ ಹಾಕಿಕೋ, ಇನ್ನು ಸಾ ರೆ ಗ ಓದಿಕೋ.

ಸಿಗ್ನೇಚರ್ ಇಲ್ಲದಿರಲು ಇದ್ದ ಕಾರಣ ಇದೊಂದೇ. ಸಾ ಎಲ್ಲಿದೆ ಎಂಬುದನ್ನು ಪುಟದ ನೆತ್ತಿಯಲ್ಲೇ ಹೇಳಿಯಾಗಿತ್ತು; ಬರಹದಲ್ಲಿ ಅದು ಯಾವಾಗಲೂ ಸಿ ಆಗಿತ್ತು; ಸಿ ಗೆ ಫ್ಲ್ಯಾಟೂ ಬೇಡ, ಶಾರ್ಪೂ ಬೇಡ. ನಮ್ಮ ಸರಗಮ್ ಬರಹಕ್ಕೆ ಬಹಳ ಹತ್ತಿರದ ಪದ್ಧತಿ ಇದು.

1814ರ ಸುಮಾರಿಗೆ ಜರ್ಮನಿಯಲ್ಲಿ ಸ್ಟೋಲ್ಜೆಲ್ ಹಾರ್ನ್‌ಗೆ ವಾಲ್ವ್ ಕೂರಿಸಿದ. 1818ರಲ್ಲಿ ಅವನೂ ಬ್ಲೂಮೆಲ್ ಎಂಬವನೂ ಸೇರಿ ಪೇಟೆಂಟ್ ಪಡೆದರು. 1849ರಲ್ಲಿ ಶೂಮನ್ ವಾಲ್ವ್ ಹಾರ್ನ್‌ಗೆಂದೇ ಅಡಾಜಿಯೊ ಮತ್ತು ಅಲೆಗ್ರೊ ಬರೆದ. 1865ರಲ್ಲಿ ಬ್ರಾಮ್ಸ್ ತನ್ನ ಹಾರ್ನ್ ಟ್ರಯೊವನ್ನು ಹಳೆಯ ಹಾರ್ನ್‌ಗೇ ಬರೆದನೆಂಬುದು ಅವನ ಪ್ರೀತಿಯ ಮಾತು. ಕಾಲ ಅಷ್ಟರಲ್ಲಿ ಮುಂದೆ ಹೋಗಿತ್ತು. ಸುರುಳಿಗಳ ಪೆಟ್ಟಿಗೆ ಮೂಲೆ ಸೇರಿತು. ವಾದಕರು ಎಫ್ ಹಾರ್ನ್ ಒಂದನ್ನೇ ಹಿಡಿದು ಎಲ್ಲ ಕೀಗಳನ್ನೂ ವಾಲ್ವ್‌ನಲ್ಲಿ ನುಡಿಸತೊಡಗಿದರು. ಬರೆಯುವವರೂ ಮೆಲ್ಲಗೆ ಎಲ್ಲವನ್ನೂ ಎಫ್ ಹಾರ್ನ್‌ಗೇ ಬರೆಯತೊಡಗಿದರು. ತಪ್ಪು ನಡೆದದ್ದು ಈ ಹಂತದಲ್ಲಿ. ಪರಂಪರೆಯ ಎರಡು ಕೈಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿದರು. ಸಾ ಬದಲಾದಂತೆ ಹಾರ್ನ್‌ನ ಹೆಸರು ಬದಲಿಸುವುದನ್ನು ಬಿಟ್ಟರು, ತಲೆ ಬರಿದಾಗಿ ಬರೆಯುವುದನ್ನು ಇಟ್ಟುಕೊಂಡರು. ಆಮೇಲೆ 'ಎಫ್ ಹಾರ್ನ್' ಎಂಬ ಸೂಚನೆ ವಾದ್ಯ ಯಾವುದು ಎಂದಷ್ಟೇ ಹೇಳುತ್ತದೆ, ಸಾ ಎಲ್ಲಿದೆ ಎಂದು ಹೇಳುವುದಿಲ್ಲ. ಪುಟದಲ್ಲಿ ಬೇರೆಲ್ಲೂ ಅದರ ಸುಳಿವಿಲ್ಲ.

ಪರಂಪರೆಯ ಮೇಲೆ ಅಷ್ಟು ನಿಷ್ಠೆಯಿದ್ದರೆ ಇನ್ನೊಂದು ರೂಢಿಯನ್ನು ಯಾಕೆ ಕೈಬಿಟ್ಟರು? ಹಳೆಯ ಪಾರ್ಟ್‌ಗಳಲ್ಲಿ ಹಾರ್ನ್‌ಗೆ ಬಾಸ್ ಕ್ಲೆಫ್ ಬಂದಾಗ ಕೇಳುವ ಸ್ವರಕ್ಕಿಂತ ನಾಲ್ಕು ಸ್ವರ ಕೆಳಗೆ ಬರೆಯುತ್ತಿದ್ದರು. ಮೇಲಿನ ಕ್ಲೆಫ್‌ನಲ್ಲಿ ಐದು ಮೇಲೆ, ಕೆಳಗಿನದರಲ್ಲಿ ನಾಲ್ಕು ಕೆಳಗೆ. ಗೊಂದಲವೆಂದು ಇಂದಿನವರು ಅದನ್ನು ಬಿಟ್ಟು ಎರಡರಲ್ಲೂ ಐದು ಮೇಲೆಯೇ ಬರೆಯುತ್ತಾರೆ. ಒಳ್ಳೆಯದೇ ಮಾಡಿದರು. ವಾದಕನ ಕಷ್ಟ ನೋಡಿ ಅದನ್ನು ಬಿಡಬಹುದಾದರೆ ಇದನ್ನೂ ಬಿಡಬಹುದು.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಭೀಮಪಲಾಸಿಯ ಒಂದು ಭಜನೆ, ಹಾಡುವವರು ಹೆಂಗಸರು, ಸಾ ಕಾಳಿ ನಾಲ್ಕು. ಪಾಶ್ಚಾತ್ಯ ಲೆಕ್ಕದಲ್ಲಿ ಎ ಫ್ಲ್ಯಾಟ್. ಎಫ್ ಹಾರ್ನ್‌ಗೆ ಅದನ್ನು ಐದು ಸ್ವರ ಮೇಲೆ ಬರೆಯಬೇಕು, ಆಗ ಬರಹದ ಸಾ ಇ ಫ್ಲ್ಯಾಟ್. ಭೀಮಪಲಾಸಿಯ ಆರೋಹದಲ್ಲಿ ರೆ ಇಲ್ಲ, ಧ ಇಲ್ಲ. ಗ ಮತ್ತು ನಿ ಕೋಮಲ. ಕೆಳಗಿನ ನಿಯಿಂದ ಎತ್ತಿಕೊಂಡು ನಿ ಸಾ ಗ ಮ ಪ ನಿ ಸಾ ಎಂದು ಏರಿದರೆ ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಜಿ ಫ್ಲ್ಯಾಟ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಮತ್ತೆ ಡಿ ಫ್ಲ್ಯಾಟ್, ಇ ಫ್ಲ್ಯಾಟ್. ಏಳು ಸ್ವರ, ಏಳಕ್ಕೂ ಫ್ಲ್ಯಾಟು. ಇಳಿಯುವಾಗ ಎಂಟು ಸ್ವರಗಳಲ್ಲಿ ಧ ಮತ್ತು ರೆ ಎರಡೇ ಬರಿ ಸ್ವರ, ಉಳಿದ ಆರಕ್ಕೂ ಫ್ಲ್ಯಾಟು. ಏರಿ ಇಳಿಯುವ ಹದಿನೈದರಲ್ಲಿ ಹದಿಮೂರು. ಒಂದು ಬಾರ್‌ನೊಳಗೆ ಅದೇ ಸ್ವರ ಮತ್ತೆ ಬಂದರೆ ಗುರುತು ಬೇಕಿಲ್ಲ, ನಿಜ. ಬಾರ್ ದಾಟಿದೊಡನೆ ಮತ್ತೆ ಬರೆಯಬೇಕು. ಬರೆಯುವವನು ಎಲ್ಲೋ ಒಂದನ್ನು ಮರೆಯುತ್ತಾನೆ. ಝೆರಾಕ್ಸ್‌ನ ಝೆರಾಕ್ಸ್‌ನಲ್ಲಿ ಇನ್ನೊಂದು ಅಳಿಸಿಹೋಗುತ್ತದೆ. ಅಲ್ಲಿಗೆ ಭೀಮಪಲಾಸಿಯಲ್ಲಿ ಕೇಳಬಾರದ ಸ್ವರ ಬ್ಯಾಂಡಿನ ನಡುವಿನಿಂದ ಎದ್ದು ಬರುತ್ತದೆ, ಬೈಗುಳ ಮಾತ್ರ ಹಾರ್ನ್‌ನ ಹುಡುಗನಿಗೆ.

ಮರೆವು, ಅಳಿಸುವಿಕೆ ಸಣ್ಣ ತಕರಾರುಗಳು. ದೊಡ್ಡ ತಕರಾರು ಬೇರೆಯಿದೆ. ಆ ಪುಟದಲ್ಲಿ ಸಾಗೂ ಫ್ಲ್ಯಾಟು, ಪಗೂ ಫ್ಲ್ಯಾಟು. ಸಾ ಮತ್ತು ಪ ಅಚಲ ಸ್ವರಗಳೆಂದು ಕಲಿತ ಹುಡುಗನ ಕಣ್ಣೆದುರು ಅವೂ ಕೋಮಲದ ವೇಷ ಹಾಕಿಕೊಂಡು ನಿಂತಿವೆ. ನಿಜವಾಗಿ ಕೋಮಲವಾದ ಗ ಮತ್ತು ನಿ ಆ ಗುಂಪಿನಲ್ಲಿ ಕಳೆದುಹೋಗಿವೆ. ಯಾವ ಗುರುತು ರಾಗದ್ದು, ಯಾವುದು ಬರೀ ಸಾ ಸರಿದದ್ದರಿಂದ ಬಂದದ್ದು ಎಂದು ಬೇರೆ ಮಾಡಿ ತೋರಿಸಲು ಆ ಪುಟಕ್ಕೆ ಶಕ್ತಿಯೇ ಇಲ್ಲ. ಇಂಥದೊಂದು ಪುಟ ಹಿಡಿದು ಒಬ್ಬ ಹುಡುಗ ತಾಲೀಮಿನಲ್ಲಿ ನನ್ನನ್ನು ಕೇಳಿದ್ದ: 'ಮಾಸ್ತರ್ರ, ಇದ್ರಾಗ ಸಾ ಎಲ್ಲೈತ್ರಿ?' ಅವನು ಕೇಳಬೇಕಾದ್ದನ್ನೇ ಕೇಳಿದ್ದ. ಕಾಗದ ಅದಕ್ಕೆ ಉತ್ತರ ಕೊಡಬೇಕಿತ್ತು.

ಇಲ್ಲಿ ಎದುರು ಪಕ್ಷದವರು ಹಿಂದೂಸ್ತಾನಿ ಸಂಗೀತಕ್ಕೆ ಸ್ವರಲಿಪಿ ಕಟ್ಟಿದ ಭಾತಖಂಡೆಯವರನ್ನು ಮುಂದಿಡುತ್ತಾರೆ. ನಮ್ಮ ಪದ್ಧತಿಯಲ್ಲೂ ಕೋಮಲ ಸ್ವರ ಬಂದಾಗಲೆಲ್ಲ ಕೆಳಗೆ ಗೀಟು ಎಳೆಯುವುದಿಲ್ಲವೇ, ತೀವ್ರ ಮ ದ ನೆತ್ತಿಯ ಮೇಲೆ ಪ್ರತಿಸಲವೂ ಗೆರೆ ನಿಲ್ಲಿಸುವುದಿಲ್ಲವೇ, ಹಾರ್ನ್‌ಗೆ ಒಂದೊಂದಕ್ಕೂ ಬರೆದರೆ ಏನು ದೋಷ ಎನ್ನುತ್ತಾರೆ. ವಾದ ಚೆನ್ನಾಗಿದೆ, ಆದರೆ ಅದು ನನ್ನ ಪಕ್ಷದ ವಾದ. ಭಾತಖಂಡೆಯವರ ಗೀಟು ಗ ದ ಕೆಳಗೆ ಬಿದ್ದರೆ ಗ ಕೋಮಲವಾಯಿತೆಂದೇ ಅರ್ಥ. ಸಾ ದ ಕೆಳಗೆ ಅದು ಎಂದೂ ಬೀಳುವುದಿಲ್ಲ. ಕಾಳಿ ನಾಲ್ಕಿನಲ್ಲಿ ಹಾಡಿದರೂ ಪಾಂಢರಿ ಒಂದರಲ್ಲಿ ಹಾಡಿದರೂ ಆ ಪುಟ ಬದಲಾಗುವುದಿಲ್ಲ. ಇಚಲಕರಂಜಿಯ ಸಮೀಪದ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿ, ಬಾಳಕೃಷ್ಣಬುವಾ ಇಚಲಕರಂಜಿಕರರ ಬಳಿ ಮಿರಜದಲ್ಲಿ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರು ತಮ್ಮದೇ ಬೇರೆ ಲಿಪಿ ಕಟ್ಟಿದರು. ಭಾತಖಂಡೆಯವರ ಚಿಹ್ನೆಗಳಿಗೂ ಅವರ ಚಿಹ್ನೆಗಳಿಗೂ ಹೊಂದಿಕೆಯಿಲ್ಲ. ಆದರೆ ಸಾ ಯನ್ನು ಸಾ ಎಂದೇ ಬರೆಯಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಮತವಿರಲಿಲ್ಲ. ನಮ್ಮ ಸೀಮೆಯ ಮಣ್ಣಿನಲ್ಲೇ ಸ್ವರಲಿಪಿಯ ಬಗ್ಗೆ ಇಷ್ಟು ಯೋಚನೆ ಹುಟ್ಟಿರುವಾಗ, ಹಾರ್ನ್‌ನ ಕಾಗದವೊಂದನ್ನು ಯೋಚನೆಯಿಲ್ಲದೆ ನಕಲು ಮಾಡುವುದು ನನಗೆ ಸಂಕಟದ ಸಂಗತಿ.

ಹಾಗಾದರೆ ಹೇಗೆ ಬರೆಯಬೇಕು? ಸಾ ಎಲ್ಲಿದೆಯೋ ಅಲ್ಲಿಂದ ಎಲ್ಲ ಸ್ವರವೂ ಶುದ್ಧವಾದ ಬಿಲಾವಲ್ ಹಾಡಿದರೆ ಎಷ್ಟು ಫ್ಲ್ಯಾಟು ಅಥವಾ ಶಾರ್ಪು ಬೇಕೋ ಅಷ್ಟನ್ನು ಸಾಲಿನ ತಲೆಯಲ್ಲಿ ಸಿಗ್ನೇಚರ್ ಆಗಿ ಹಾಕಿ. ರಾಗದ ಕೋಮಲ, ತೀವ್ರಗಳನ್ನು ಮಾತ್ರ ಒಳಗೆ, ಸ್ವರದ ಮುಂದೆ ಬರೆಯಿರಿ. ಮೇಲಿನ ಭಜನೆಗೆ ಹಾರ್ನ್‌ನ ತಲೆಯಲ್ಲಿ ಮೂರು ಫ್ಲ್ಯಾಟು ಬರುತ್ತವೆ: ಬಿ, ಇ, ಎ. ಒಳಗೆ ಹದಿಮೂರು ಗುರುತು ಇದ್ದಲ್ಲಿ ಐದು ಉಳಿಯುತ್ತವೆ. ಏರುವಾಗ ನಿ, ಗ, ನಿ, ಇಳಿಯುವಾಗ ನಿ, ಗ. ಐದೂ ಅಸಲಿ ಕೋಮಲಗಳು. ತಲೆಯ ಮೂರು ಫ್ಲ್ಯಾಟು ನೋಡಿದೊಡನೆ ಸಾ ಇ ಫ್ಲ್ಯಾಟ್ ಎಂದು ಗೊತ್ತು, ಒಳಗಿನ ಗುರುತು ಕಂಡೊಡನೆ ರಾಗ ಗೊತ್ತು. ಭೀಮಪಲಾಸಿಯ ಐದು ಫ್ಲ್ಯಾಟುಗಳನ್ನೂ ತಲೆಯಲ್ಲೇ ಹಾಕಿಬಿಡಿ, ಒಳಗೆ ಒಂದೂ ಬೇಡ ಎನ್ನುವವರೂ ಇದ್ದಾರೆ. ಅದು ಅಚ್ಚುಕಟ್ಟು, ಆದರೆ ಸಾ ಮತ್ತೆ ಮುಚ್ಚಿಹೋಗುತ್ತದೆ. ಐದು ಫ್ಲ್ಯಾಟು ನೋಡಿದವನು ಡಿ ಫ್ಲ್ಯಾಟ್‌ನಲ್ಲಿ ಸಾ ಹುಡುಕುತ್ತಾನೆ. ಶಾರ್ಪು ಇರುವ ಸಾ ಗಳಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಪಾಂಢರಿ ಎರಡರ ಹಾಡಿಗೆ ಎಫ್ ಹಾರ್ನ್‌ನ ಸಾ ಎ, ತಲೆಯಲ್ಲಿ ಮೂರು ಶಾರ್ಪು. ಅಲ್ಲಿ ಕೋಮಲ ಗ ಬಂದರೆ ಫ್ಲ್ಯಾಟಿನ ಬದಲು ನ್ಯಾಚುರಲ್ ಗುರುತು ಹಾಕಬೇಕಾಗುತ್ತದೆ. ಗುರುತಿನ ರೂಪ ಬೇರೆಯಾದರೂ ಶುದ್ಧ ಸ್ವರ ಇಲ್ಲಿ ಸರಿದಿದೆ ಎಂಬ ಅರ್ಥ ಅದೇ. ಒಂದು ವಾರದ ತಾಲೀಮಿನಲ್ಲಿ ಹುಡುಗರು ಅದಕ್ಕೆ ಒಗ್ಗುತ್ತಾರೆ.

ದೊಡ್ಡ ಆರ್ಕೆಸ್ಟ್ರಾಗಳ ಹಾರ್ನ್ ವಾದಕರ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ವಾಗ್ನರ್, ರಿಚರ್ಡ್ ಸ್ಟ್ರಾಸ್ ಅಂಥವರ ಸಂಗೀತದಲ್ಲಿ ಕೀ ನಿಂತಲ್ಲಿ ನಿಲ್ಲುವುದಿಲ್ಲ. ಬಾರ್ ಬಾರ್‌ಗೂ ನೆಲೆ ಜಾರುವ ಕಡೆ ತಲೆಯ ಸಿಗ್ನೇಚರ್ ಕಾಟವೇ ಹೊರತು ಸಹಾಯವಲ್ಲ. ಒಂದೊಂದು ಸ್ವರಕ್ಕೂ ಗುರುತಿದ್ದರೆ ಓದುವುದು ಸುಲಭ. ಸ್ಟ್ರಾಸ್‌ನ ತಂದೆ ಫ್ರಾಂಝ್ ಮ್ಯೂನಿಕ್‌ನ ದೊಡ್ಡ ಹಾರ್ನ್ ವಾದಕ. ಮಗನಿಗೆ ಆ ವಾದ್ಯದ ಒಳಹೊರಗು ಗೊತ್ತಿತ್ತು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು. ಆ ಪ್ರಯೋಗಕ್ಕೆ ಹಣದ ಬೆಂಬಲ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. 'ಸೆಪ್ಟೆಂಬರ್' ಎಂಬ ಹಾಡು ಮುಗಿಯುವಾಗ ದನಿ ನಿಂತ ಮೇಲೆ ಹಾರ್ನ್ ಹಾಡನ್ನು ಮುಂದುವರಿಸುತ್ತದೆ. ಕನ್ನಡ ನಾಡಿನ ದೊರೆಯೊಬ್ಬರ ನೆರವಿನಿಂದ ಲೋಕಕ್ಕೆ ಮೊದಲು ಕೇಳಿದ ಆ ಹಾರ್ನ್ ಬಗ್ಗೆ ನನಗೆ ಅಭಿಮಾನವಿದೆ. ಅಂಥ ಸಂಗೀತ ನುಡಿಸುವವರು ತಮಗೆ ಬೇಕಾದ ಹಾಗೆ ಬರೆಸಿಕೊಳ್ಳಲಿ, ಅವರ ತಂಟೆಗೆ ನಾನು ಹೋಗುವುದಿಲ್ಲ.

ಆದರೆ ಆ ಕಾರಣವನ್ನು ನಮ್ಮ ಹಾಡಿಗೆ ತಂದು ಹೊಂದಿಸುವುದು ಹೇಗೆ? ನಮ್ಮ ತಂಬೂರಿ ಹಾಡಿನ ಮೊದಲಿನಿಂದ ಕೊನೆಯವರೆಗೆ ಒಂದೇ ಸಾ ಹಿಡಿದು ಕೂತಿರುತ್ತದೆ. ಅಭಂಗವಿರಲಿ, ವಚನವಿರಲಿ, ನಾಟ್ಯಗೀತವಿರಲಿ, ನೆಲೆ ಜಾರುವ ಪ್ರಶ್ನೆಯೇ ಇಲ್ಲ. ಲೋಕದಲ್ಲಿ ಕೀ ಸಿಗ್ನೇಚರ್‌ಗೆ ಒಪ್ಪುವ ಸಂಗೀತ ಯಾವುದಾದರೂ ಇದ್ದರೆ ಅದು ಇದು. ಕೀ ನಿಲ್ಲದ ಸಂಗೀತಕ್ಕಾಗಿ ಉಳಿದುಕೊಂಡ ರೂಢಿಯನ್ನು ಸಾ ಬಿಟ್ಟು ಕದಲದ ಸಂಗೀತದ ಮೇಲೆ ಹೇರುತ್ತಿದ್ದೇವೆ.

'ಕಸುಬಿನವನಾದರೆ ತಾನೇ ಟ್ರಾನ್ಸ್‌ಪೋಸ್ ಮಾಡಿಕೊಂಡು ನುಡಿಸಬೇಕು, ಎಲ್ಲ ಬರೆದುಕೊಟ್ಟರೆ ಹುಡುಗರು ಕೆಡುತ್ತಾರೆ' ಎಂಬ ಮಾತೂ ಇದೆ. ಬೆಥೋವನ್, ಬ್ರಾಮ್ಸ್ ನುಡಿಸುವ ವಾದಕನಿಗೆ ಆ ವಿದ್ಯೆ ಬೇಕೇ ಬೇಕು, ಅವನ ಮುಂದಿನ ಕಾಗದಗಳೇ ಇ ಹಾರ್ನ್‌ಗೆ, ಡಿ ಹಾರ್ನ್‌ಗೆ ಬರೆದವು. ಗಡಹಿಂಗ್ಲಜದ ಹುಡುಗ ಇಂದು ಸಂಜೆ ಕಲಿತು ನಾಳಿದ್ದು ಸಂಕೇಶ್ವರದ ಲಗ್ನದಲ್ಲಿ ನುಡಿಸಬೇಕು. ಅವನ ಬುದ್ಧಿಯನ್ನು ರಾಗಕ್ಕೆ ಖರ್ಚು ಮಾಡಿಸಬೇಕೇ, ಬರೆಯುವವನ ಸೋಮಾರಿತನ ತುಂಬಿಕೊಡುವುದಕ್ಕೆ ಖರ್ಚು ಮಾಡಿಸಬೇಕೇ?

ಇನ್ನು ವಾದ್ಯಗಳ ಗೊಂದಲ. ನಮ್ಮ ಕಡೆಯ ವರಾತಿಯಲ್ಲಿ ಫ್ರೆಂಚ್ ಹಾರ್ನ್ ಅಪರೂಪ. ಕಂಡರೆ ಇ ಫ್ಲ್ಯಾಟ್‌ನ ಆಲ್ಟೊ ಹಾರ್ನ್ ಕಾಣುತ್ತದೆ. ಎಫ್ ಹಾರ್ನ್ ಇರುವುದು ಹೆಚ್ಚಾಗಿ ಫೌಜು, ಪೊಲೀಸು ಬ್ಯಾಂಡುಗಳಲ್ಲಿ. ನಮ್ಮ ಬ್ಯಾಂಡುಗಳ ಮೂಲ ಬ್ರಿಟಿಷರ ಮಿಲಿಟರಿ ಬ್ಯಾಂಡು, ಬ್ರಾಸ್ ಬ್ಯಾಂಡುಗಳು. ಆ ಎರಡು ಕಡೆಯೂ ಹಾರ್ನ್‌ನ ಪಾರ್ಟ್‌ಗೆ ಸಿಗ್ನೇಚರ್ ಹಾಕಿಯೇ ಬರೆಯುತ್ತಾರೆ. ಬ್ರಾಸ್ ಬ್ಯಾಂಡಿನವರು ಕಾರ್ನೆಟ್, ಆಲ್ಟೊ ಹಾರ್ನ್, ಯುಫೋನಿಯಂಗಳನ್ನೆಲ್ಲ ಒಂದೇ ಕ್ಲೆಫ್‌ನಲ್ಲಿ, ಒಂದೇ ಬೆರಳಿನ ಲೆಕ್ಕದಲ್ಲಿ ಬರೆದದ್ದು ಒಬ್ಬ ಹುಡುಗ ಇವತ್ತು ಇದನ್ನು ನಾಳೆ ಅದನ್ನು ನುಡಿಸಲಿ ಎಂದು. ಅಂದರೆ ಸಿಗ್ನೇಚರ್ ಬೇಡವೆನ್ನುವ ನಮ್ಮ ಮಾಸ್ತರರು ತಮ್ಮ ಮನೆತನದ ಪದ್ಧತಿಯನ್ನು ಬಿಟ್ಟು ಪರರ ಮನೆಯ ರೂಢಿಯನ್ನು ತಂದಿದ್ದಾರೆ. ಟ್ರಂಪೆಟ್ಟಿನಿಂದ ಹಾರ್ನ್‌ಗೆ ಬಂದ ಹುಡುಗ ಅಲ್ಲಿಯವರೆಗೆ ಓದಿದ್ದನ್ನು ಬಿಟ್ಟು ಹೊಸದಾಗಿ ಅಕ್ಷರ ಕಲಿಯಬೇಕು. ಅದರ ಮೇಲೆ ಎರಡು ಹಾರ್ನ್‌ಗಳ ಕಾಗದ ಅದಲುಬದಲಾಗುತ್ತವೆ. ಕಾಳಿ ನಾಲ್ಕಿನ ಹಾಡಿಗೆ ಇ ಫ್ಲ್ಯಾಟ್ ಆಲ್ಟೊ ಹಾರ್ನ್‌ನ ಸಾ ಎಫ್. ಆ ಪುಟ ತಪ್ಪಿ ಎಫ್ ಹಾರ್ನ್‌ನವನ ಸ್ಟ್ಯಾಂಡಿಗೆ ಬಂದರೆ ಅವನ ಸಾ ಕಾಳಿ ಐದರಲ್ಲಿ ಮೊಳಗುತ್ತದೆ, ಉಳಿದವರೆಲ್ಲ ಕಾಳಿ ನಾಲ್ಕು. ತಲೆ ಬರಿದಾದ ಪುಟಗಳಲ್ಲಿ ಯಾವುದು ಯಾರದೆಂದು ಕಣ್ಣಿಗೆ ಹೊಳೆಯುವುದಿಲ್ಲ. ಸಿಗ್ನೇಚರ್ ಇದ್ದರೆ ಒಂದರಲ್ಲಿ ಒಂದು ಫ್ಲ್ಯಾಟು, ಇನ್ನೊಂದರಲ್ಲಿ ಮೂರು. ಕೈಗೆ ಬಂದ ಕ್ಷಣವೇ ತಿಳಿಯುತ್ತದೆ. ನಾನು ಪುಟದ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಸಾಲನ್ನೂ ಬರೆಯುತ್ತೇನೆ: 'ಹಾರ್ನ್ ಎಫ್. ಬರೆದ ಸಾ ಇ ಫ್ಲ್ಯಾಟ್. ಕೇಳುವ ಸಾ ಕಾಳಿ 4.' ಎರೋಯಿಕಾದ ಪುಟದ ಮೇಲಿದ್ದ ಸೂಚನೆ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಹೀಗೆ ಬರೆದ ಪಾರ್ಟ್‌ಗಳನ್ನು ಒಬ್ಬ ಹಿರಿಯರು 'ಹಾರ್ನ್‌ಗೆ ಹೀಗೆ ಬರೆಯುವವನಿಗೆ ಸ್ಟಾಫ್ ನೊಟೇಶನ್ ಬರುವುದಿಲ್ಲ' ಎಂಬ ಮಾತಿನೊಡನೆ ತಿರುಗಿಸಿ ಕಳಿಸಿದ್ದೂ ಉಂಟು. ಅವರ ಬ್ಯಾಂಡಿನ ಹುಡುಗರನ್ನು ಕೇಳಿದ್ದರೆ ಉತ್ತರ ಬೇರೆಯಾಗಿರುತ್ತಿತ್ತು.

ಬೀದಿಯಲ್ಲಿ ಯಾರೂ ಕಾಗದ ನೋಡಿ ನುಡಿಸುವುದಿಲ್ಲ ಎಂದು ಕೆಲವರು ಇಡೀ ಚರ್ಚೆಯನ್ನೇ ತಳ್ಳಿಹಾಕುತ್ತಾರೆ. ಹೌದು, ತಾಲೀಮಿನಲ್ಲಿ ಕಾಗದ, ಬೀದಿಯಲ್ಲಿ ನೆನಪು. ಹಾಗಿರುವುದರಿಂದಲೇ ಕಾಗದ ಸರಿಯಿರಬೇಕು. ಗುಲಾಲು ಹಾರುವ ಗಣಪತಿಯ ಮೆರವಣಿಗೆಯಲ್ಲಿ ಅವನು ನುಡಿಸುವುದು ಮನಸ್ಸಿನಲ್ಲಿ ಕೂತದ್ದನ್ನು. ನಮ್ಮ ಹುಡುಗರ ಮನಸ್ಸಿನಲ್ಲಿ ಹಾಡು ಕೂರುವುದು ನಿ ಸಾ ಗ ಮ ಎಂದು. ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಜಿ ಫ್ಲ್ಯಾಟ್ ಎಂಬ ಸರಮಾಲೆಯಾಗಿ ಕೂತದ್ದನ್ನು ನಾನು ಕಂಡಿಲ್ಲ. ತಾಲೀಮಿನಲ್ಲಿ ಮಾಸ್ತರರು ಕೂಗುವುದೂ 'ಗ ಕೋಮಲ ಹಿಡೀರಿ' ಎಂದೇ. ಆಗ ಟ್ರಂಪೆಟ್ಟಿನವನ ಬೆರಳು ಡಿ ಫ್ಲ್ಯಾಟ್‌ಗೆ, ಎಫ್ ಹಾರ್ನ್‌ನವನದು ಜಿ ಫ್ಲ್ಯಾಟ್‌ಗೆ, ಆಲ್ಟೊ ಹಾರ್ನ್‌ನವನದು ಎ ಫ್ಲ್ಯಾಟ್‌ಗೆ ಹೋಗಬೇಕು. ನಾನು ಹೇಳಿದ ಹಾಗೆ ಬರೆದರೆ ಮೂರೂ ಪುಟಗಳಲ್ಲಿ ಆ ಸ್ವರದ ಮುಂದೆಯೇ ಗುರುತು ಇರುತ್ತದೆ, ಸಾ ದ ಮುಂದೆ ಯಾವ ಪುಟದಲ್ಲೂ ಇರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಹೊತ್ತು ಒಂದಿದೆ, ಬ್ಯಾಂಡಿನವರಿಗೆಲ್ಲ ಅದು ಗೊತ್ತು. ಕಾರ್ಯಕ್ರಮ ಶುರುವಾಗಲು ಅರ್ಧ ಗಂಟೆ ಇರುವಾಗ ಹಾಡುವವರು ಬಂದು, ಇವತ್ತು ದನಿ ಚೆನ್ನಾಗಿದೆ, ಕಾಳಿ ಐದು ಇಟ್ಟುಬಿಡಿ ಎನ್ನುತ್ತಾರೆ. ಪೇಟಿಯವನು ಹಲಗೆ ಸರಿಸಿ ಸುಮ್ಮನೆ ಕೂರುತ್ತಾನೆ. ತಲೆ ಬರಿದಾದ ಹಾರ್ನ್ ಪಾರ್ಟ್ ಇದ್ದರೆ ಹದಿಮೂರು ಗುರುತುಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಒಂದೊಂದನ್ನೇ ಲೆಕ್ಕ ಹಾಕಿ ಹೊಸ ಪುಟ ಬರೆಯಬೇಕು. ನನ್ನ ಪುಟದಲ್ಲಿ ಸಾ ಕೆಳಗಿನ ಗೆರೆಯ ಇ ಫ್ಲ್ಯಾಟ್‌ನಿಂದ ಅದರ ಮೇಲಿನ ಖಾಲಿ ಜಾಗದ ಎಫ್‌ಗೆ ಬರುತ್ತದೆ, ತಲೆಯ ಮೂರು ಫ್ಲ್ಯಾಟು ಹೋಗಿ ಬಿ ಒಂದೇ ಉಳಿಯುತ್ತದೆ, ಸ್ವರಗಳೆಲ್ಲ ಒಂದು ಮೆಟ್ಟಿಲು ಮೇಲೇರುತ್ತವೆ. ಗ ಮತ್ತು ನಿ ಮುಂದಿನ ಐದು ಫ್ಲ್ಯಾಟುಗಳನ್ನು ಮುಟ್ಟಬೇಕಾಗಿಲ್ಲ. ಅವು ಹಾಗೆಯೇ ಆ ಸ್ವರಗಳ ಜೊತೆಯಲ್ಲಿ ಏರುತ್ತವೆ. ಆ ಅರ್ಧ ಗಂಟೆಯಲ್ಲಿ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಮುಗಿಸಿ, ಹುಡುಗನನ್ನು ಕೂರಿಸಿಕೊಂಡು ಹಾಡನ್ನು ಎರಡು ಸಲ ನುಡಿಸಿ ನೋಡುವಷ್ಟು ಹೊತ್ತು ಇನ್ನೂ ಉಳಿದಿರುತ್ತದೆ.